ಹೊಸೂರು ರಸ್ತೆಯ ಬ್ರಾಹ್ಮಿ, ಗವಿಪುರದ ಉಸಿರು

ಹಳೇ ಮೈಸೂರು ಸೀಮೆಯ ಮನೆಗಳಲ್ಲಿ ತಲೆಸ್ನಾನ ನಿತ್ಯದ ಕೆಲಸವಾಗಿರಲಿಲ್ಲ. ವಾರಕ್ಕೋ ಹತ್ತು ದಿನಕ್ಕೋ ಒಮ್ಮೆ ಬಚ್ಚಲ ಒಲೆಗೆ ಸೌದೆ ಒಟ್ಟಿ, ಹಂಡೆಯ ನೀರು ಕಾಯುವ ಹೊತ್ತಿಗೆ ತಲೆಗೆ ಹರಳೆಣ್ಣೆ ತಿಕ್ಕಿ, ಸೀಗೆಪುಡಿ ಹಚ್ಚಿ, ತಂಬಿಗೆಯ ಹಿಂದೆ ತಂಬಿಗೆ ಬಿಸಿನೀರು ಹುಯ್ಯುತ್ತಿದ್ದರು. ನೀರು ಸುಡುವಷ್ಟಿದ್ದರೇ ಮೈ ಹಗುರಾಗುತ್ತದೆ ಎಂಬ ನಂಬಿಕೆ. ಹಾಗೆ ನೀರು ಬೀಳುತ್ತಿರುವಾಗಲೇ ಕೆಲವು ಮಕ್ಕಳ ನೋಟ ಒಂದೇ ಕಡೆ ನಿಂತುಬಿಡುತ್ತಿತ್ತು. ಕರೆದರೆ ಓಗೊಡುತ್ತಿರಲಿಲ್ಲ. ಕೆಲವರಿಗೆ ಕೈಕಾಲು ಸೆಟೆದು ಪೂರಾ ಫಿಟ್ಸ್ ಬರುತ್ತಿತ್ತು. ಬಚ್ಚಲಿನಿಂದ ಹೊರಗೆ ಬಂದ ಮೇಲೆ ಮಗು ಎಂದಿನಂತೆಯೇ ಆಡಿಕೊಂಡಿರುತ್ತಿತ್ತು.

ಇಂಥ ಮಕ್ಕಳನ್ನು ಕರೆದುಕೊಂಡು ಬೆಂಗಳೂರಿನ ಹೊಸೂರು ರಸ್ತೆಯ ದೊಡ್ಡಾಸ್ಪತ್ರೆಗೆ ಬಂದವರು ಒಬ್ಬಿಬ್ಬರಲ್ಲ. ನರರೋಗ ತಜ್ಞ ಕೆ.ಎಸ್. ಮಣಿ ಮತ್ತು ಸಂಗಡಿಗರು 1960 ಮತ್ತು 70ರ ದಶಕಗಳಲ್ಲಿ ಈ ಪ್ರಕರಣಗಳನ್ನು ಒಂದೊಂದಾಗಿ ದಾಖಲಿಸುತ್ತ ಹೋದರು. 1945ರಲ್ಲಿ ನ್ಯೂಜಿಲೆಂಡಿನಿಂದ ಇಂಥದೊಂದು ವರದಿ ಬಂದಿತ್ತು. ಹೊರಗಿನ ವೈದ್ಯಲೋಕಕ್ಕೆ ಅದು ಅಪರೂಪದ ಸೋಜಿಗ ಮಾತ್ರ. ದಕ್ಷಿಣ ಕರ್ನಾಟಕದಲ್ಲಿ ಅದೇ ಕಾಯಿಲೆ ಹೊರರೋಗಿಗಳ ಸಾಲಿನಲ್ಲಿ ಮತ್ತೆ ಮತ್ತೆ ಸಿಗುವಂಥದ್ದು. 1988ರಲ್ಲಿ ಪಿ. ಸತೀಶ್ಚಂದ್ರ ಮತ್ತು ಸಹೋದ್ಯೋಗಿಗಳು ‘ಎಪಿಲೆಪ್ಸಿಯಾ’ ಪತ್ರಿಕೆಯಲ್ಲಿ ಪ್ರಕಟಿಸಿದ ವರದಿಯಲ್ಲಿ 279 ರೋಗಿಗಳಿದ್ದರು. ‘ಬಿಸಿನೀರಿನ ಅಪಸ್ಮಾರ’ ಎಂಬ ಹೆಸರು ನರವಿಜ್ಞಾನದ ಪುಸ್ತಕಗಳಲ್ಲಿ ಗಟ್ಟಿಯಾಗಿ ನಿಂತದ್ದರಲ್ಲಿ ನಮ್ಮ ಬಚ್ಚಲುಮನೆಗಳ ಪಾಲು ದೊಡ್ಡದು. ಮೊದಲ ಪರಿಹಾರವೂ ಅಲ್ಲೇ ಇತ್ತು: ನೀರಿನ ಬಿಸಿ ಇಳಿಸುವುದು, ಒಂದೇ ಸಮನೆ ತಲೆಗೆ ಹುಯ್ಯದಿರುವುದು. ಅಷ್ಟರಲ್ಲಿ ನಿಲ್ಲದವರಿಗೆ, ತಲೆಸ್ನಾನದ ದಿನ ಮಾತ್ರ, ಸ್ನಾನಕ್ಕೆ ಮುಂಚೆ ಒಂದು ಕ್ಲೋಬಜಾಮ್ ಮಾತ್ರೆ ಕೊಡುವ ಕ್ರಮವೂ ಮುಂದೆ ಬಂತು.

ಮನೆಯ ವಾಡಿಕೆಯೊಂದನ್ನು ಗೌರವದಿಂದಲೇ ಆಸ್ಪತ್ರೆಯೊಳಕ್ಕೆ ಕರೆತಂದು, ಲೆಕ್ಕ ಇಟ್ಟು, ಅಳೆದು ನೋಡುವ ಈ ಕೆಲಸಕ್ಕೆ ದಕ್ಷಿಣ ಬೆಂಗಳೂರಿನಲ್ಲಿ ಉದ್ದನೆಯ ಚರಿತ್ರೆಯಿದೆ. ವಾಡಿಕೆ ಇಲ್ಲಿ ಕಾಯಿಲೆಯ ಕಾರಣವಾಗಿ ಬಂದಿತ್ತು. ಬೇರೆ ಕಡೆ ಅದೇ ವಾಡಿಕೆ ಮದ್ದಿನ ರೂಪದಲ್ಲಿ ಬಂದಿದೆ: ಬ್ರಾಹ್ಮಿಯಾಗಿ, ಪ್ರಾಣಾಯಾಮವಾಗಿ, ಓಂಕಾರವಾಗಿ. ಆಗಲೂ ಕೇಳಬೇಕಾದ ಪ್ರಶ್ನೆ ಒಂದೇ. ಗುಣವಾಯಿತು ಎನ್ನುತ್ತೀರಿ, ಸರಿ. ಯಾವುದರ ಪಕ್ಕದಲ್ಲಿಟ್ಟು ನೋಡಿದಿರಿ?

ಹೊಸೂರು ರಸ್ತೆಯ ಆ ಆಸ್ಪತ್ರೆಯ ಬೇರು ಇರುವುದು ಪೇಟೆಯಲ್ಲಿ. 1840ರ ದಶಕದ ಕೊನೆಯಲ್ಲಿ ಚಾರ್ಲ್ಸ್ ಇರ್ವಿಂಗ್ ಸ್ಮಿತ್ ಎಂಬ ವೈದ್ಯನ ಕಾಲದಲ್ಲಿ ಶುರುವಾದ ‘ಲುನಾಟಿಕ್ ಅಸೈಲಂ’ ಅದು. ಜನರ ಬಾಯಲ್ಲಿ ಹುಚ್ಚಾಸ್ಪತ್ರೆ. 1925ರಲ್ಲಿ ಮೈಸೂರು ಸರ್ಕಾರ ಆ ಹೆಸರನ್ನು ಕಿತ್ತುಹಾಕಿ ‘ಮೆಂಟಲ್ ಹಾಸ್ಪಿಟಲ್’ ಎಂದು ಕರೆಯಿತು. ಅಲ್ಲಿರುವವರು ಕೂಡಿಹಾಕಬೇಕಾದವರಲ್ಲ, ಚಿಕಿತ್ಸೆ ಪಡೆಯಬೇಕಾದವರು ಎಂದು ಸರ್ಕಾರವೊಂದು ಕಾಗದದ ಮೇಲೆ ಒಪ್ಪಿಕೊಂಡದ್ದು ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ. 1930ರ ದಶಕದಲ್ಲಿ, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, ಆಸ್ಪತ್ರೆ ಊರಾಚೆಯ ಲಕ್ಕಸಂದ್ರದ ಬಯಲಿಗೆ ಬಂತು. ಆಗ ಜಯನಗರ ಎಂಬ ಬಡಾವಣೆಯೇ ಇರಲಿಲ್ಲ. ಅದಕ್ಕೆ ಅಡಿಗಲ್ಲು ಬಿದ್ದದ್ದು 1948ರಲ್ಲಿ. ಇಂದು ಬಿ.ಟಿ.ಎಂ. ಎಂಬ ಮೂರಕ್ಷರದೊಳಗೆ ಅಡಗಿರುವ ಬೈರಸಂದ್ರ, ತಾವರೆಕೆರೆ, ಮಡಿವಾಳ ಆಗ ನಿಜವಾದ ಹಳ್ಳಿಗಳೇ.

ಹೊಸ ಜಾಗದಲ್ಲಿ ಆಸ್ಪತ್ರೆಗೆ ಹೊಸ ಕಳೆ ತಂದವರು ಎಂ.ವಿ. ಗೋವಿಂದಸ್ವಾಮಿ. ವಿದೇಶದಲ್ಲಿ ಮನೋವೈದ್ಯ ಕಲಿತು ಬಂದವರು, ಜೊತೆಗೆ ಭಾರತೀಯ ತತ್ತ್ವಶಾಸ್ತ್ರದಲ್ಲಿ ಆಳವಾದ ಆಸಕ್ತಿ ಇದ್ದವರು. ಆ ಕಾಲದ ಹೊಸ ಚಿಕಿತ್ಸೆಗಳನ್ನು ವಾರ್ಡಿಗೆ ತಂದ ಕೈಯಲ್ಲೇ ಹಳೆಯ ದರ್ಶನಗಳ ಪುಸ್ತಕವೂ ಇತ್ತು. 1954ರಲ್ಲಿ ಇದೇ ಆವರಣದಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿದಾಗ ಅವರೇ ಅದರ ಮೊದಲ ನಿರ್ದೇಶಕರು. 1974ರ ಡಿಸೆಂಬರಿನಲ್ಲಿ ಸಂಸ್ಥೆಯೂ ಆಸ್ಪತ್ರೆಯೂ ಕೂಡಿ ನಿಮ್ಹಾನ್ಸ್ ಆಯಿತು. 1994ರಲ್ಲಿ ಅದಕ್ಕೆ ಪರಿಗಣಿತ ವಿಶ್ವವಿದ್ಯಾಲಯದ ಸ್ಥಾನ ಸಿಕ್ಕಿತು. ಮೆದುಳನ್ನು ಸೀಳಿ ನೋಡುವ ಶಸ್ತ್ರವೈದ್ಯರು, ಇಲಿಗಳ ಮೇಲೆ ಪ್ರಯೋಗ ಮಾಡುವ ಶರೀರವಿಜ್ಞಾನಿಗಳು, ಮನೋವೈದ್ಯರು, ಇವರೆಲ್ಲರ ನಡುವೆ ಆಯುರ್ವೇದ ಸಂಶೋಧನೆಯ ಒಂದು ಘಟಕವೂ ಅದೇ ಕಾಂಪೌಂಡಿನೊಳಗೆ ಕೆಲಸ ಮಾಡುತ್ತಿತ್ತು.

ಆ ಘಟಕದ ಕೆಲಸಗಳಲ್ಲಿ ಒಂದನ್ನು ಇಲ್ಲಿ ತುಸು ನಿಧಾನವಾಗಿ ನೋಡಬೇಕು.

ಆಯುರ್ವೇದದಲ್ಲಿ ‘ಉನ್ಮಾದ’ ಎಂದು ಕರೆಯುವ ಸ್ಥಿತಿಗೆ ಹೇಳಿದ ಮದ್ದುಗಳನ್ನು ಸ್ಕಿಜೋಫ್ರೇನಿಯಾ ರೋಗಿಗಳಲ್ಲಿ ಪರೀಕ್ಷಿಸಬೇಕೆಂದು ಎ.ಎಸ್. ಮಹಲ್, ಎನ್.ಜಿ. ರಾಮು ಮತ್ತು ಸಂಗಡಿಗರು ಹೊರಟರು. ಆರಿಸಿಕೊಂಡದ್ದು ಎರಡು: ಬ್ರಾಹ್ಮಿ ಮೊದಲಾದ ಮೂಲಿಕೆಗಳ ಮಿಶ್ರಣವಾದ ಬ್ರಾಹ್ಮ್ಯಾದಿಯೋಗ, ಮತ್ತು ತಗರ. ಯಾರಿಗೆ ಯಾವ ಮದ್ದು ಎಂಬುದು ರೋಗಿಗೂ ಗೊತ್ತಿಲ್ಲ, ಫಲ ಅಳೆಯುವ ವೈದ್ಯನಿಗೂ ಗೊತ್ತಿಲ್ಲ ಎಂಬಂಥ ‘ಡಬಲ್ ಬ್ಲೈಂಡ್’ ವಿಧಾನ. ಪಕ್ಕದಲ್ಲಿ ಹುಸಿ ಗುಳಿಗೆ. ಅದರಾಚೆ, 1952ರಿಂದ ಮನೋವೈದ್ಯದ ದಿಕ್ಕನ್ನೇ ಬದಲಿಸಿದ್ದ ಕ್ಲೋರ್‌ಪ್ರೊಮಜಿನ್. ವರದಿ 1976ರಲ್ಲಿ ‘ಇಂಡಿಯನ್ ಜರ್ನಲ್ ಆಫ್ ಸೈಕಿಯಾಟ್ರಿ’ಯಲ್ಲಿ ಅಚ್ಚಾಯಿತು. ತಮ್ಮ ಪರಂಪರೆಯ ಮದ್ದನ್ನು ಪ್ರೀತಿಸುವವರು ಅದನ್ನು ಆ ಕಾಲದ ಅತ್ಯಂತ ಗಟ್ಟಿ ಎದುರಾಳಿಯ ಪಕ್ಕದಲ್ಲಿ ನಿಲ್ಲಿಸುವ ಧೈರ್ಯ ಮಾಡಿದ್ದು ಅಭಿಮಾನಪಡಬೇಕಾದ ಸಂಗತಿ.

ಫಲಿತಾಂಶ ಏನು? 2007ರಲ್ಲಿ ಕಾಕ್ರೇನ್ ಸಂಸ್ಥೆಯ ಪರಾಮರ್ಶಕರು ಸ್ಕಿಜೋಫ್ರೇನಿಯಾಕ್ಕೆ ಆಯುರ್ವೇದ ಮದ್ದು ಕೊಟ್ಟ ಪ್ರಯೋಗಗಳನ್ನು ಒಟ್ಟುಹಾಕಿದಾಗ ಲೆಕ್ಕಕ್ಕೆ ಸಿಕ್ಕವು ಮೂರೇ. ಒಟ್ಟು 250 ರೋಗಿಗಳು, ತಲಾ 12 ವಾರದ ಅವಧಿ. ಹುಸಿ ಗುಳಿಗೆಗೆ ಹೋಲಿಸಿದರೆ, ಆಯುರ್ವೇದದ್ದೇ ಅಳತೆಗೋಲಿನಲ್ಲಿ, ಬ್ರಾಹ್ಮ್ಯಾದಿಯೋಗ ತೆಗೆದುಕೊಂಡವರು ಹೆಚ್ಚು ಚೇತರಿಸಿಕೊಂಡಿದ್ದರು. ಕ್ಲೋರ್‌ಪ್ರೊಮಜಿನ್‌ಗೆ ಹೋಲಿಸಿದರೆ ಮೂಲಿಕೆ ಸೋತಿತ್ತು. ವಾಂತಿ, ಓಕರಿಕೆಯ ತೊಂದರೆಯೂ ಕಂಡಿತ್ತು. ಇದು ಪೂರ್ಣ ಸೋಲೂ ಅಲ್ಲ, ಗೆಲುವೂ ಅಲ್ಲ. ‘ಏನೂ ಇಲ್ಲದ್ದಕ್ಕಿಂತ ವಾಸಿ, ಇರುವ ಮಾತ್ರೆಗಿಂತ ಕಡಿಮೆ’ ಎಂಬ ಈ ಉತ್ತರ ರೋಗಿಯ ಮನೆಯವರಿಗೆ ತುಂಬ ಬೆಲೆಯುಳ್ಳದ್ದು. ಮಾತ್ರೆ ನಿಲ್ಲಿಸಿ ಕಷಾಯ ಶುರುಮಾಡೋಣವೇ ಎಂದು ಅವರು ಕೇಳಿದಾಗ ವೈದ್ಯ ಕೊಡಬೇಕಾದ ಉತ್ತರಕ್ಕೆ ಇದೇ ಆಧಾರ.

ಬ್ರಾಹ್ಮಿ ಎಂದಾಗ ಇನ್ನೊಂದು ತೊಡಕು. ಬನಶಂಕರಿಯ ಸಂತೆಯಲ್ಲೋ ಜಯನಗರ ನಾಲ್ಕನೇ ಬ್ಲಾಕಿನ ಸೊಪ್ಪಿನ ಅಂಗಡಿಯಲ್ಲೋ ಬ್ರಾಹ್ಮಿ ಕೇಳಿದರೆ ಕೈಗೆ ಬರುವುದು ಬಹುಪಾಲು ಒಂದೆಲಗ. ತಂಬುಳಿ ಮಾಡುವ, ಮಕ್ಕಳ ಬುದ್ಧಿ ಚುರುಕಾಗಲೆಂದು ತಿನ್ನಿಸುವ ಸೊಪ್ಪು ಅದು. ಸಸ್ಯಶಾಸ್ತ್ರದ ಹೆಸರು ಸೆಂಟೆಲ್ಲಾ ಏಷ್ಯಾಟಿಕಾ. ನೀರಿನ ಅಂಚಿನಲ್ಲಿ ಹಬ್ಬುವ, ಚಿಕ್ಕ ದಪ್ಪ ಎಲೆಯ ನೀರುಬ್ರಾಹ್ಮಿ ಬೇರೆಯೇ ಗಿಡ, ಬಕೋಪಾ ಮೊನಿಯೆರಿ. ಎರಡರ ಕುಟುಂಬವೂ ಬೇರೆ, ಒಳಗಿನ ರಾಸಾಯನಿಕವೂ ಬೇರೆ. ಎರಡನ್ನೂ ಬ್ರಾಹ್ಮಿ ಎಂದೇ ಕರೆಯುವ ನಾಡಿನಲ್ಲಿ ಯಾವ ಗಿಡ, ಯಾವ ಭಾಗ, ಎಷ್ಟು ತೂಕ ಎಂದು ಬರೆಯದ ಸಂಶೋಧನೆ ಮುಂದಿನವರಿಗೆ ದಾರಿ ತೋರಿಸಲಾರದು.

ಗಿಡವೊಂದರೊಳಗಿನ ಸಾರ ಪಕ್ಕಾ ಗೊತ್ತಾದರೆ ಏನಾಗುತ್ತದೆ ಎಂಬುದಕ್ಕೆ ಬೇಲಿಯ ನಸುಗುನ್ನಿಯೇ ಸಾಕ್ಷಿ. ಮುಟ್ಟಿದರೆ ಮೈಯೆಲ್ಲ ತುರಿಸುವ ಆ ಕಾಯಿಯ ಬೀಜದಿಂದ ದಾಮೋದರನ್ ಮತ್ತು ರಾಮಸ್ವಾಮಿ 1937ರಲ್ಲೇ ಎಲ್-ಡೋಪಾ ಎಂಬ ವಸ್ತುವನ್ನು ಬೇರ್ಪಡಿಸಿದ್ದರು. ಮುಂದೆ ಪಾರ್ಕಿನ್‌ಸನ್ ಕಾಯಿಲೆಗೆ ಜಗತ್ತು ನೆಚ್ಚಿಕೊಂಡದ್ದು ಅದೇ ವಸ್ತುವನ್ನು.

ಎಲೆ ಬೇರುಗಳಿಗಾದರೆ ತೂಕವಿದೆ. ಉಸಿರನ್ನು ತೂಗುವುದು ಹೇಗೆ?

ಇದಕ್ಕೆ ಉತ್ತರ ಹುಡುಕಿದವರು ಗವಿಪುರದ ಕಡೆಯವರು. ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ, ಅಮೆರಿಕದ ನಾಸಾದಲ್ಲಿ ದುಡಿದು ಬಂದ ಎಚ್.ಆರ್. ನಾಗೇಂದ್ರ 1975ರಲ್ಲಿ ಏಕನಾಥ ರಾನಡೆ ಕಟ್ಟಿದ ವಿವೇಕಾನಂದ ಕೇಂದ್ರ ಸೇರಿದರು. ವೈದ್ಯೆ ಆರ್. ನಾಗರತ್ನ ಅವರೊಂದಿಗೆ ಬೆಂಗಳೂರಿನಲ್ಲಿ ಯೋಗ ಚಿಕಿತ್ಸೆಯ ಸಂಶೋಧನೆ ಶುರುವಾಯಿತು. ಗವಿಗಂಗಾಧರೇಶ್ವರನ ಗುಡಿಯಿಂದ ತುಸು ದೂರದ ಗವಿಪುರ ಸರ್ಕಲ್ಲಿನಲ್ಲಿರುವ ‘ಏಕನಾಥ ಭವನ’ ಮುಂದೆ ಈ ಬಳಗದ ನಗರದ ವಿಳಾಸವಾಯಿತು. ಆನೇಕಲ್ ತಾಲೂಕಿನ ಜಿಗಣಿಯ ಬಳಿ ‘ಪ್ರಶಾಂತಿ ಕುಟೀರ’ ಎದ್ದಿತು. 2002ರಲ್ಲಿ ಅದು ‘ಎಸ್-ವ್ಯಾಸ’ ಎಂಬ ಪರಿಗಣಿತ ವಿಶ್ವವಿದ್ಯಾಲಯವಾಯಿತು.

ಅವರು ಆರಿಸಿಕೊಂಡ ಕಾಯಿಲೆ ಅಸ್ತಮಾ, ಹಳ್ಳಿಯವರ ಮಾತಿನಲ್ಲಿ ಉಬ್ಬಸ. ಬೆಂಗಳೂರಿನ ತಂಪು ಹವೆಯಲ್ಲಿ ರಾತ್ರಿಯಿಡೀ ದಿಂಬಿಗೆ ಒರಗಿ ಕೂತು ಬೆಳಗು ಮಾಡುವ ಉಬ್ಬಸದವರು ಯಾರ ಮನೆಯಲ್ಲಿಲ್ಲ? ಯೋಗದಿಂದ ಉಬ್ಬಸ ಕಡಿಮೆಯಾಗುತ್ತದೆ ಎಂದು ಹೇಳುವವರು ಮೊದಲೂ ಬೇಕಾದಷ್ಟು ಜನ ಇದ್ದರು. ನಾಗರತ್ನ ಮತ್ತು ನಾಗೇಂದ್ರ ಮಾಡಿದ್ದು ಬೇರೆ. 53 ಅಸ್ತಮಾ ರೋಗಿಗಳಿಗೆ ಎರಡು ವಾರ ಉಸಿರಾಟದ ವ್ಯಾಯಾಮ, ಸೂರ್ಯನಮಸ್ಕಾರ, ಆಸನ, ಪ್ರಾಣಾಯಾಮ, ಧ್ಯಾನ, ಭಜನೆಯಂಥ ಭಕ್ತಿಯ ಹೊತ್ತು ಎಲ್ಲವನ್ನೂ ಸೇರಿಸಿ ಕಲಿಸಿದರು. ಮನೆಗೆ ಹೋದ ಮೇಲೆ ದಿನಕ್ಕೆ 65 ನಿಮಿಷ ಮಾಡಿ ಎಂದರು. ಇನ್ನೂ 53 ರೋಗಿಗಳನ್ನು ಜೋಡಿಯಾಗಿ ಆರಿಸಿದರು: ಅದೇ ವಯಸ್ಸು, ಅದೇ ಲಿಂಗ, ಅದೇ ಬಗೆಯ, ಅಷ್ಟೇ ತೀವ್ರತೆಯ ಅಸ್ತಮಾ. ಇವರು ಎಂದಿನ ಔಷಧಿಯನ್ನಷ್ಟೇ ಮುಂದುವರಿಸಿದರು. ಎಣಿಸಿದ್ದು ಮೂರನ್ನು: ವಾರಕ್ಕೆ ಎಷ್ಟು ಸಲ ಉಬ್ಬಸ ಬಂತು, ಎಷ್ಟು ಔಷಧಿ ಬೇಕಾಯಿತು, ಪೀಕ್ ಫ್ಲೋ ಮೀಟರಿಗೆ ಊದಿದಾಗ ಮುಳ್ಳು ಎಲ್ಲಿಗೆ ಮುಟ್ಟಿತು. ಮೂರರಲ್ಲೂ ಯೋಗದ ಗುಂಪು ಮುಂದಿತ್ತು. 1985ರ ಅಕ್ಟೋಬರ್ 19ರ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಈ ವರದಿ ಬಂತು. ಮರುವರ್ಷವೇ 570 ಅಸ್ತಮಾ ರೋಗಿಗಳನ್ನು 3ರಿಂದ 54 ತಿಂಗಳವರೆಗೆ ಹಿಂಬಾಲಿಸಿದ ಇನ್ನೊಂದು ವರದಿಯೂ ಪ್ರಕಟವಾಯಿತು.

ಇವತ್ತಿನ ಕಣ್ಣಿನಿಂದ ಆ ಮೊದಲ ಪ್ರಯೋಗದಲ್ಲಿ ಒಂದು ಸಂದು ಎದ್ದು ಕಾಣುತ್ತದೆ. ಯೋಗದವರಿಗೆ ಎರಡು ವಾರ ಗುರುವಿನ ಗಮನ ಸಿಕ್ಕಿತ್ತು, ತಮ್ಮಂಥವರೇ ಆದ ಉಳಿದ ರೋಗಿಗಳ ಜೊತೆ ಸಿಕ್ಕಿತ್ತು, ವಾಸಿಯಾಗುತ್ತದೆಂಬ ಭರವಸೆಯೂ ಸಿಕ್ಕಿತ್ತು. ಪಕ್ಕದ ಗುಂಪಿಗೆ ಅದಾವುದೂ ಇರಲಿಲ್ಲ. ಗುಣ ತಂದದ್ದು ಪ್ರಾಣಾಯಾಮವೋ, ಆ ಅಕ್ಕರೆಯೋ? 2016ರ ಹೊತ್ತಿಗೆ ಅಸ್ತಮಾ ಮತ್ತು ಯೋಗದ ಬಗ್ಗೆ ಕಾಕ್ರೇನ್ ಪರಾಮರ್ಶಕರ ಮುಂದೆ 15 ಪ್ರಯೋಗಗಳು, 1,048 ರೋಗಿಗಳ ಲೆಕ್ಕ ಇತ್ತು. ಬಹುಪಾಲು ಭಾರತದಲ್ಲೇ ನಡೆದವು. ಬದುಕಿನ ಗುಣಮಟ್ಟ ಮತ್ತು ಲಕ್ಷಣಗಳಲ್ಲಿ ಸಣ್ಣ ಪ್ರಮಾಣದ ಸುಧಾರಣೆ ಕಾಣಬಹುದು ಎಂಬಲ್ಲಿಗೆ ಅವರು ನಿಂತರು. ಸಣ್ಣದು ಎಂದ ಮಾತ್ರಕ್ಕೆ ಅದನ್ನು ತಳ್ಳಿಹಾಕಬಾರದು. ರಾತ್ರಿ ಎದ್ದು ಕೂರುವವನಿಗೆ ಒಂದು ರಾತ್ರಿಯ ನಿದ್ದೆ ಹೆಚ್ಚಾದರೂ ಅದು ಹೆಚ್ಚೇ. ಇನ್‌ಹೇಲರ್ ಬಿಸಾಡಿ ಎಂದು ಹೇಳುವಷ್ಟು ದೊಡ್ಡದಂತೂ ಅಲ್ಲ.

ಉಸಿರಿನ ಶರೀರವಿಜ್ಞಾನ ಇತ್ತ ನಿಮ್ಹಾನ್ಸ್‌ನಲ್ಲೂ ನಡೆದಿತ್ತು. ನರಶರೀರವಿಜ್ಞಾನದ ಟಿ. ದೇಸಿರಾಜು ಅವರೊಂದಿಗೆ ಶರ್ಲಿ ಟೆಲ್ಲೆಸ್ ನಡೆಸಿ 1991ರಲ್ಲಿ ಪ್ರಕಟಿಸಿದ ಅಧ್ಯಯನ, ಯೋಗದ ಪುಸ್ತಕಗಳು ಒಂದೇ ಹೆಸರಿನಲ್ಲಿ ಕರೆಯುವ ಎರಡು ಅಭ್ಯಾಸಗಳನ್ನು ಬೇರೆ ಬೇರೆಯಾಗಿ ಅಳೆಯಿತು. ಉಸಿರನ್ನು ಸ್ವಲ್ಪ ಹೊತ್ತು ಹಿಡಿಯುವ ಕಿರು ಕುಂಭಕದಲ್ಲಿ ದೇಹ ಬಳಸುವ ಆಮ್ಲಜನಕ ಶೇ. 52ರಷ್ಟು ಏರಿತು. ಹೆಚ್ಚು ಹೊತ್ತು ಹಿಡಿಯುವ ದೀರ್ಘ ಕುಂಭಕದಲ್ಲಿ ಶೇ. 19ರಷ್ಟು ಇಳಿಯಿತು. ‘ಪ್ರಾಣಾಯಾಮ ಒಳ್ಳೆಯದು’ ಎಂದು ಒಟ್ಟಾರೆಯಾಗಿ ಹೇಳುವುದು ಎಷ್ಟು ಅಪೂರ್ಣ ಎಂದು ಈ ಎರಡು ಅಂಕಿಗಳು ತೋರಿಸುತ್ತವೆ. ಯಾವ ಪ್ರಾಣಾಯಾಮ, ಎಷ್ಟು ಹೊತ್ತು, ಯಾರಿಗೆ? ನೀರುಬ್ರಾಹ್ಮಿಯೋ ಒಂದೆಲಗವೋ ಎಂಬ ಪ್ರಶ್ನೆಯೇ ಇಲ್ಲಿ ಉಸಿರಿನ ರೂಪದಲ್ಲಿ ಬಂದಿದೆ.

2000ದಲ್ಲಿ ಬಂದ ಇನ್ನೊಂದು ವರದಿಗೆ ಸಾಮಗ್ರಿ ಸಿಕ್ಕಿದ್ದು ಕನಕಪುರ ರಸ್ತೆಯಿಂದ. ಅಲ್ಲಿನ ಆರ್ಟ್ ಆಫ್ ಲಿವಿಂಗ್ ಆಶ್ರಮದ ಸುದರ್ಶನ ಕ್ರಿಯೆಯನ್ನು ನಿಮ್ಹಾನ್ಸ್‌ನ ಎನ್. ಜಾನಕಿರಾಮಯ್ಯ, ಬಿ.ಎನ್. ಗಂಗಾಧರ್ ಮತ್ತು ಸಂಗಡಿಗರು ತೀವ್ರ ಖಿನ್ನತೆಯ ಒಳರೋಗಿಗಳಲ್ಲಿ ಪರೀಕ್ಷಿಸಿದರು. ಈ ಸಲ ಪಕ್ಕದ ಗುಂಪು ಸುಮ್ಮನೆ ಕೂತಿರಲಿಲ್ಲ. 45 ಜನರನ್ನು ಮೂರು ಪಾಲು ಮಾಡಿ, 15 ಜನಕ್ಕೆ ಸುದರ್ಶನ ಕ್ರಿಯೆ, 15 ಜನಕ್ಕೆ ಇಮಿಪ್ರಮಿನ್ ಮಾತ್ರೆ, 15 ಜನಕ್ಕೆ ಜನ ‘ಶಾಕ್ ಟ್ರೀಟ್‌ಮೆಂಟ್’ ಎನ್ನುವ ಇ.ಸಿ.ಟಿ. ಕೊಟ್ಟರು. ನಾಲ್ಕು ವಾರದ ಕೊನೆಗೆ ಕಾಯಿಲೆಯಿಂದ ಹೊರಬಂದವರು ಇ.ಸಿ.ಟಿ.ಯಲ್ಲಿ ಶೇ. 93, ಮಾತ್ರೆಯಲ್ಲಿ ಶೇ. 73, ಕ್ರಿಯೆಯಲ್ಲಿ ಶೇ. 67. ಸಿನಿಮಾಗಳು ಭಯ ಹುಟ್ಟಿಸುವಂತೆ ತೋರಿಸುವ ಇ.ಸಿ.ಟಿ. ಮುಂದಿತ್ತು, ಉಸಿರಾಟದ ಅಭ್ಯಾಸ ಮಾತ್ರೆಯ ಹತ್ತಿರ ಹತ್ತಿರ ಬಂದಿತ್ತು. ಎರಡೂ ಸತ್ಯವೇ. ಒಂದನ್ನಷ್ಟೇ ಎತ್ತಿ ಆಡುವುದು ಆ 45 ಜನರಿಗೆ ಮಾಡುವ ಅನ್ಯಾಯ.

ಹೋಲಿಕೆ ಅಲ್ಲಿಂದ ಮುಂದೆ ಇನ್ನಷ್ಟು ಸೂಕ್ಷ್ಮವಾಯಿತು. 2007ರಲ್ಲಿ ನಿಮ್ಹಾನ್ಸ್‌ನವರೂ ಎಸ್-ವ್ಯಾಸದವರೂ ಒಂದಾಗಿ 61 ಸ್ಕಿಜೋಫ್ರೇನಿಯಾ ರೋಗಿಗಳ ಅಧ್ಯಯನವನ್ನು ಪ್ರಕಟಿಸಿದರು. ಯಾರೂ ಮಾತ್ರೆ ಬಿಡಲಿಲ್ಲ. ಕೆಲವರು ಜೊತೆಗೆ ಯೋಗ ಮಾಡಿದರು, ಉಳಿದವರು ಅಷ್ಟೇ ಹೊತ್ತು ದೈಹಿಕ ವ್ಯಾಯಾಮ. ಗುರುವಿನ ಗಮನ, ಜೊತೆಗಾರರು, ಬೆವರು ಎರಡೂ ಕಡೆ ಸಮ. ನಾಲ್ಕು ತಿಂಗಳ ಬಳಿಕ ಯೋಗದವರಲ್ಲಿ ರೋಗಲಕ್ಷಣ ಕಡಿಮೆಯಿತ್ತು. 1985ರ ಪ್ರಯೋಗದಲ್ಲಿ ಕಂಡ ಸಂದನ್ನು ಇಲ್ಲಿ ಮುಚ್ಚಿದ್ದರು. 2011ರಲ್ಲಿ ಬಂದ ಮತ್ತೊಂದು ಚಿಕ್ಕ ಅಧ್ಯಯನದಲ್ಲಿ 12 ಆರೋಗ್ಯವಂತರು ಎಂ.ಆರ್.ಐ. ಯಂತ್ರದೊಳಗೆ ಮಲಗಿ ಓಂಕಾರ ಹೇಳಿದರು. ಹೋಲಿಕೆಗೆ ಅವರಿಂದಲೇ ಅಷ್ಟೇ ಹೊತ್ತು ‘ಸ್ಸ್‌ಸ್’ ಎಂದೂ ಹೇಳಿಸಿದರು. ಓಂ ಎಂದಾಗ ಭಾವನೆಗೆ ಸಂಬಂಧಿಸಿದ ಮೆದುಳಿನ ಭಾಗಗಳ ಚಟುವಟಿಕೆ ತಗ್ಗಿತು, ‘ಸ್ಸ್‌ಸ್’ ಎಂದಾಗ ತಗ್ಗಲಿಲ್ಲ.

ಇತ್ತ ಜಯನಗರದೊಳಗೂ ಈ ಚರಿತ್ರೆಯ ಕೆಲವು ಗುರುತುಗಳಿವೆ. ಅಶೋಕ ಪಿಲ್ಲರ್ ಬಳಿ ಸರ್ಕಾರಿ ಸೆಂಟ್ರಲ್ ಫಾರ್ಮಸಿ ಇರುವ ಜಾಗದಲ್ಲೇ ಕೇಂದ್ರದ ಆಯುರ್ವೇದ ಸಂಶೋಧನ ಪರಿಷತ್ತಿನ ಸಂಸ್ಥೆ ಬಹಳ ಕಾಲ ನಡೆಯಿತು; ಸಕ್ಕರೆ ಕಾಯಿಲೆಯಂಥ ಚಯಾಪಚಯದ ತೊಂದರೆಗಳು ಅದರ ವಿಷಯ. ಮುಂದೆ ಅದು ಕನಕಪುರ ರಸ್ತೆಯ ತಲಘಟ್ಟಪುರಕ್ಕೆ ಹೋಯಿತು. ನಾಲ್ಕನೇ ‘ಟಿ’ ಬ್ಲಾಕಿನಲ್ಲಿ 1996ರಿಂದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವಿದೆ. ಎಂ.ಬಿ.ಬಿ.ಎಸ್. ಓದುವವರೂ ಆಯುರ್ವೇದ, ಯುನಾನಿ, ಹೋಮಿಯೋಪಥಿ ಓದುವವರೂ ಪರೀಕ್ಷೆ ಬರೆಯುವುದು ಒಂದೇ ವಿಶ್ವವಿದ್ಯಾಲಯದ ಹೆಸರಿನಲ್ಲಿ. ಆಯುರ್ವೇದದ ಎಂ.ಡಿ. ವಿದ್ಯಾರ್ಥಿ ತನ್ನ ಪ್ರಬಂಧಕ್ಕೆ ರೋಗಿಗಳನ್ನು ಆರಿಸಿ, ಕೋಷ್ಟಕ ಹಾಕಿ, ಸಂಖ್ಯಾಶಾಸ್ತ್ರದ ಬಾಗಿಲು ತಟ್ಟಲೇಬೇಕು.

ಇದೇ ಸೀಮೆಯ ಬಸವನಗುಡಿಯಲ್ಲಿ ನ್ಯಾಷನಲ್ ಕಾಲೇಜಿನ ಎಚ್. ನರಸಿಂಹಯ್ಯನವರು 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದ್ದರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸುವ ಸಮಿತಿಯನ್ನೂ ನೇಮಿಸಿದರು. ಬ್ರಾಹ್ಮ್ಯಾದಿಯೋಗದ ವರದಿ ಅಚ್ಚಾದದ್ದು ಅದೇ ವರ್ಷ. ಎರಡಕ್ಕೂ ನೇರ ಸಂಬಂಧವಿಲ್ಲ. ಆದರೂ ‘ಪ್ರಶ್ನಿಸದೆ ಒಪ್ಪಬೇಡಿ’ ಎಂಬ ಹವೆ ಆ ದಿನಗಳ ದಕ್ಷಿಣ ಬೆಂಗಳೂರಿನಲ್ಲಿ ಬೀಸುತ್ತಿತ್ತು.

ಆ ಹವೆ ಈಗಲೂ ಬೇಕಾಗಿದೆ. 2004ರಲ್ಲಿ ಅಮೆರಿಕದ ಬಾಸ್ಟನ್ ಸುತ್ತಮುತ್ತ ದಕ್ಷಿಣ ಏಷ್ಯಾದವರ ಅಂಗಡಿಗಳಲ್ಲಿ ಕೊಂಡ 70 ಆಯುರ್ವೇದ ತಯಾರಿಕೆಗಳನ್ನು ಪರೀಕ್ಷಿಸಿದಾಗ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತ್ತು. ‘ನೈಸರ್ಗಿಕ, ಹಾಗಾಗಿ ಅಪಾಯವಿಲ್ಲ’ ಎಂಬ ಮಾತನ್ನು ನಂಬಿ ವರ್ಷಗಟ್ಟಲೆ ಪುಡಿ ನುಂಗುವ ಮಧುಮೇಹಿಗೆ ಈ ಸುದ್ದಿ ತಲುಪಬೇಕು. ತಲುಪಿಸುವ ಹೊಣೆ ಆಯುರ್ವೇದವನ್ನು ಪ್ರೀತಿಸುವವರದೇ ಮೊದಲು.

2019ರಲ್ಲಿ ನಿಮ್ಹಾನ್ಸ್‌ನಲ್ಲಿ ಸಮಗ್ರ ಚಿಕಿತ್ಸೆಯ ಪ್ರತ್ಯೇಕ ವಿಭಾಗವೇ ಆರಂಭವಾಯಿತು. ಯೋಗ, ಆಯುರ್ವೇದ, ಮನೋವೈದ್ಯ, ನರವೈದ್ಯ ಒಂದೇ ರೋಗಿಯ ಸುತ್ತ ಕೂಡುವ ಏರ್ಪಾಡು ಅದು. ಅಲ್ಲಿಗೆ ಬರುವ ದಾರಿಯನ್ನು ಸವೆಸಿದವರಲ್ಲಿ ಹೆಸರುಳ್ಳ ವೈದ್ಯರಿದ್ದಾರೆ. ನಾಗೇಂದ್ರ ಅವರಿಗೆ 2016ರಲ್ಲಿ, ಗಂಗಾಧರ್ ಅವರಿಗೆ 2020ರಲ್ಲಿ ಪದ್ಮಶ್ರೀ ಸಂದಿತು. ಹೆಸರಿಲ್ಲದವರೂ ಇದ್ದಾರೆ. ಮೂಲಿಕೆಯೋ ಹುಸಿ ಗುಳಿಗೆಯೋ ತಿಳಿಯದೆ 12 ವಾರ ನುಂಗಿದವರು. ಓಂಕಾರದ ಪಕ್ಕಕ್ಕೊಂದು ಅಳತೆ ಬೇಕೆಂದು ಯಂತ್ರದೊಳಗೆ ಮಲಗಿ ‘ಸ್ಸ್‌ಸ್’ ಎಂದವರು. ಮತ್ತು 1980ರ ದಶಕದ ಬೆಂಗಳೂರಿನ ಆ 53 ಉಬ್ಬಸದವರು. ಯೋಗ ಕಲಿಯುವ ಸರದಿ ಅವರದಾಗಿರಲಿಲ್ಲ. ಎಂದಿನ ಮಾತ್ರೆ ನುಂಗುತ್ತ, ವಾರಕ್ಕೆ ಎಷ್ಟು ಸಲ ಉಬ್ಬಸ ಬಂತೆಂದು ಲೆಕ್ಕ ಕೊಡುತ್ತ, ಪೀಕ್ ಫ್ಲೋ ಮೀಟರಿನ ಕೊಳವೆಗೆ ಇದ್ದಷ್ಟು ಉಸಿರು ಹಾಕಿ ಊದಿ ಮನೆಗೆ ಹೋದರು.